ಜೊತೆಗೆ ನುಂಗಿದ ಮಾತ್ರೆ

ಕೋಟಿನ ಕಾಜಾ ಓರೆಯಾಗಿ ಬರುತ್ತಿದೆ ಎಂದು ದರ್ಜಿ ಬಂದು ಹೇಳಿದ ದಿನ ಸೊಸೆ ಮೊದಲು ಅನುಮಾನಿಸಿದ್ದು ಅತ್ತೆಯ ಕಣ್ಣನ್ನು. ಅನುಮಾನಿಸದೆ ಏನು ಮಾಡಿಯಾಳು, ಅವಳ ಹೊಟ್ಟೆಪಾಡೇ ಕಣ್ಣಿನದು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಹನಿ ಹನಿ ನೀರು ಬೀಳುವ ಸಾಣೆ ಚಕ್ರದ ಮುಂದೆ ಕೂತು, ದುಂಡಗೆ ಬಂದ ಗಾಜನ್ನು ಗಿರಾಕಿ ಆರಿಸಿದ ಫ್ರೇಮಿನ ಆಕಾರಕ್ಕೆ ಉಜ್ಜಿ ಕೂರಿಸುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದೇ ಸ್ಟೂಲು, ಅದೇ ಕಿಟಕಿಯಿಲ್ಲದ ಕೋಣೆ, ಬಿಳಿ ಗಸಿ ಒಣಗಿ ಗಟ್ಟಿಯಾದ ಅದೇ ಏಪ್ರನ್. ಬಸ್ಸಿನಲ್ಲಿ ಎದುರಿಗೆ ಕೂತವರ ಮುಖ ಅವಳಿಗೆ ಕಾಣುವುದು ಆಮೇಲೆ. ಮೊದಲು ಕಾಣುವುದು ಮೂಗಿನ ಮೇಲೆ ವಾಲಿ ಕೂತ ಅವರ ಕನ್ನಡಕ.

ಹಾಗಾಗಿ ಅತ್ತೆಯನ್ನು ಅಂಗಡಿಗೆ ಕರೆದೊಯ್ದು, ಅಕ್ಷರದ ಹಲಗೆಯ ಮುಂದೆ ಕೂರಿಸಿ, ಹೊಸ ನಂಬರು ಬರೆಸಿ, ತನ್ನ ಕೈಯಾರೆ ಗಾಜು ಉಜ್ಜಿ ಕೊಟ್ಟಳು. ಕಾಜಾ ಸರಿಹೋಗಲಿಲ್ಲ. ಕೆಲವು ತಿಂಗಳು ಕಳೆದು ಇನ್ನೊಂದು ಸಲ ಕರೆದೊಯ್ದಳು. ಆ ಸಲ ಅತ್ತೆ ಹಲಗೆಯ ಕೊನೆಯ ಸಾಲನ್ನು, ಎಳೆಯರೂ ತಡವರಿಸುವ ಸಾಸಿವೆ ಕಾಳಿನಂಥ ಅಕ್ಷರಗಳನ್ನು, ನೀರು ಕುಡಿದಷ್ಟು ಸಲೀಸಾಗಿ ಓದಿ ಮುಗಿಸಿ, "ಇನ್ನೂ ಸಣ್ಣದು ಇದ್ರೆ ತೋರಿಸಿ" ಅಂದರು. ಅಂಗಡಿಯವರೆಲ್ಲ ನಕ್ಕರು. ಕಣ್ಣು ಸರಿಯಾಗಿತ್ತು. ಅವತ್ತೇ ಸೊಸೆಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಅತ್ತೆಯದು ಕಾಜಾ ಕೆಲಸ. ಕೋಟಿನಲ್ಲಿ ಗುಂಡಿ ತೂರುವ ಸೀಳು ಇರುತ್ತದಲ್ಲ, ಅದರ ಅಂಚು ಬಿಚ್ಚದ ಹಾಗೆ ಸುತ್ತಲೂ ಒತ್ತೊತ್ತಾಗಿ ದಾರ ಕಟ್ಟಬೇಕು. ಮಷೀನಿನಲ್ಲೂ ಆಗುತ್ತದೆ, ಆದರೆ ಒಳ್ಳೆಯ ಕೋಟು ಹೊಲಿಸುವವರು ಕೈಯ ಕಾಜಾವನ್ನೇ ಕೇಳುತ್ತಾರೆ. ಟೈರಿನ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ರಸ್ತೆಯ ಕಡೆಗಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಮಡಿಲ ತುಂಬ ಯಾರದೋ ಕೋಟು ಹರಡಿಕೊಂಡು, ಗಂಡ ತೀರಿಕೊಂಡ ವರ್ಷದಿಂದ ಅವರು ಇದನ್ನೇ ಮಾಡಿಕೊಂಡು ಬಂದವರು. ಮಗನನ್ನು ಓದಿಸಿದ್ದು, ಲಿಫ್ಟ್ ರಿಪೇರಿ ಕಲಿಯಲು ಹಾಕಿದ್ದು, ಮನೆಗೆ ಎರಡನೇ ಕೋಣೆ ಸೇರಿಸಿಕೊಂಡದ್ದು ಎಲ್ಲ ಆ ಸೂಜಿಯ ಮೊನೆಯಿಂದ. ಹೊಲಿಯುವಾಗ ಅವರ ಕಣ್ಣು ಕಿಟಕಿಯಾಚೆ ಇರುತ್ತಿತ್ತು, ಬಾಯಿ ಯಾರನ್ನೋ ಆಡಿಕೊಳ್ಳುತ್ತಿತ್ತು, ಬೆರಳುಗಳು ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ದಾರ ಎಷ್ಟು ಬಿಗಿಯಾಯಿತು, ಬಟ್ಟೆ ಎಲ್ಲಿ ಸುಕ್ಕಾಯಿತು ಎಂದು ಹೇಳುತ್ತಿದ್ದದ್ದು ಬೆರಳ ತುದಿ. ಗಾಜು ಉಜ್ಜುವ ಸೊಸೆ ಅಷ್ಟು ವರ್ಷ ಎದುರಿಗೇ ಕೂತು ನೋಡದೆ ಹೋದದ್ದು ಇದನ್ನೇ.

ಅವಳು ಈ ಮನೆಗೆ ಬಂದಾಗ ಇಪ್ಪತ್ತಾರು ದಾಟಿತ್ತು. ತಾಯಿಯಿಲ್ಲದ ಹುಡುಗಿ, ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಅಲ್ಲಿ ಯಾರೂ ಅವಳನ್ನು ಬೈದವರಲ್ಲ, ಹೊಡೆದವರಲ್ಲ. ಊಟ ಆಯಿತೇ ಎಂದು ಕೇಳಿದವರೂ ಅಲ್ಲ. ಇಲ್ಲಿಗೆ ಬಂದ ಮೊದಲ ವಾರವೇ ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ತೆಳ್ಳಗಿದ್ದೀಯಲ್ಲ, ನಿನ್ನನ್ನ ಸೂಜಿಗೆ ಪೋಣಿಸಬಹುದು ಅಂದುಬಿಟ್ಟರು. ಹುಡುಗಿ ಅಡುಗೆಮನೆಗೆ ಹೋಗಿ ಅತ್ತಳು. ಊಟಕ್ಕೆ ಕೂತಾಗ ಕೇಳದೆಯೇ ತಟ್ಟೆಗೆ ಎರಡನೇ ಸಲ ಬಡಿಸಿದ ಮೇಲೆ ಅರ್ಥವಾಯಿತು, ಈ ಮನೆಯಲ್ಲಿ ಅಕ್ಕರೆ ಹೊರಡುವುದು ಕುಟುಕುವ ಮಾತಿನ ಬೆನ್ನೇರಿ ಎಂದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಎರಡು ಕೋಣೆಗಳಲ್ಲಿ ಇಬ್ಬರಿಗೂ ಒಟ್ಟಿಗೇ ಕಾಲ ಬಂದಿತ್ತು.

ಮದುವೆಯಾದ ಎರಡನೇ ವರ್ಷ ಅವಳು ಬಸಿರಾದಳು. ತಿಂಗಳು ಹಿಂದುಮುಂದಾಗುವುದು ಅವಳಿಗೆ ಹೊಸದಾಗಿರಲಿಲ್ಲವಾದ್ದರಿಂದ ಗೊತ್ತಾದದ್ದೇ ಮೂರನೇ ತಿಂಗಳು ಹಿಡಿದಾಗ. ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಮಾತ್ರೆ, ಫೋಲಿಕ್ ಆಸಿಡ್ ಮಾತ್ರೆ ಕೊಟ್ಟರು. ಒಂದು ದಿನವೂ ತಪ್ಪಿಸದೆ ನುಂಗಿದಳು. ಐದನೇ ತಿಂಗಳ ಸ್ಕ್ಯಾನಿನ ದಿನ ಡಾಕ್ಟರು ಬಹಳ ಹೊತ್ತು ಪರದೆ ನೋಡಿ, ಎದ್ದು ಹೋಗಿ ಇನ್ನೊಬ್ಬರನ್ನು ಕರೆತಂದರು. ಮಗುವಿನ ತಲೆಬುರುಡೆ ಮುಚ್ಚಿಕೊಂಡಿರಲಿಲ್ಲ. ಉಳಿಯುವ ಮಗುವಲ್ಲ ಅಂದರು. ಅಲ್ಲಿಂದ ಮುಂದೆ ಆಸ್ಪತ್ರೆಯಲ್ಲಿ ಕಳೆದ ದಿನಗಳ ಬಗ್ಗೆ ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಂಡನ ಹತ್ತಿರವೂ.

ಮನೆಗೆ ಕಳಿಸುವ ಮುಂಚೆ ಹಿರಿಯ ಡಾಕ್ಟರೊಬ್ಬರು ಕೂರಿಸಿಕೊಂಡು ವಿವರಿಸಿದರು. ಗರ್ಭ ಕಟ್ಟಿದ ಮೊದಲ ನಾಲ್ಕು ವಾರದೊಳಗೇ ಮಗುವಿನ ತಲೆ, ಬೆನ್ನುಹುರಿ ಮುಚ್ಚಿಕೊಳ್ಳುವ ಕೆಲಸ ಮುಗಿದುಹೋಗುತ್ತದೆ; ಎಷ್ಟೋ ತಾಯಂದಿರಿಗೆ ಆಗಿನ್ನೂ ತಾವು ಬಸಿರಿ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ಈ ಫೋಲಿಕ್ ಆಸಿಡ್ ಮಾತ್ರೆ ಬಸಿರಾಗುವ ಮುಂಚೆಯೇ ಶುರುವಾಗಬೇಕು. ನುಂಗಿದವರಲ್ಲೂ ಕೆಲವೊಮ್ಮೆ ಹೀಗಾಗುತ್ತದೆ, ನಿಮ್ಮ ತಪ್ಪೆಂದು ತಿಳಿಯಬೇಡಿ ಎಂದೂ ಸೇರಿಸಿದರು. ಒಮ್ಮೆ ಹೀಗಾದವರಿಗೆ ಮಾಮೂಲಿಗಿಂತ ದೊಡ್ಡ ಪ್ರಮಾಣದ ಮಾತ್ರೆ ಬೇಕು, ಇನ್ನೊಂದು ಮಗುವಿನ ಆಸೆ ಇದ್ದರೆ ಈಗಿನಿಂದಲೇ ತೆಗೆದುಕೊಳ್ಳಿ ಎಂದು ಬರೆದುಕೊಟ್ಟರು.

ಮಾತ್ರೆ ಮನೆಗೆ ಬಂತು. ಗಂಟಲಲ್ಲಿ ಇಳಿಯಲಿಲ್ಲ. ಇದ್ದ ಮಗುವಿಗೆ ನುಂಗಿದ್ದೇ ಕೈಹಿಡಿಯಲಿಲ್ಲ, ಇಲ್ಲದ ಮಗುವಿಗೆ ಏನಂತ ನುಂಗಲಿ ಎಂದು ಅವಳು ಗಂಡನಿಗೆ ಹೇಳಿದ್ದು ಅತ್ತೆಯ ಕಿವಿಗೆ ಬಿದ್ದಿರಬೇಕು. ಒಂದು ಬೆಳಿಗ್ಗೆ ಅತ್ತೆ ಎರಡು ಲೋಟ ನೀರು ತಂದು ಮೇಜಿನ ಮೇಲಿಟ್ಟರು. ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಒತ್ತಿ ತೆಗೆದು, ಒಂದನ್ನು ಸೊಸೆಯ ಮುಂದಿಟ್ಟು, ಇನ್ನೊಂದನ್ನು ತಮ್ಮ ಬಾಯಿಗೆ ಹಾಕಿಕೊಂಡು ಗಟಗಟ ನೀರು ಕುಡಿದರು.

"ಅತ್ತೆ, ಇದೇನ್ ಮಾಡಿದ್ರಿ?"

"ನಿನಗೊಬ್ಬಳಿಗೇ ಬೇಜಾರು ತಾನೆ. ಇಬ್ಬರೂ ನುಂಗೋಣ. ಯಾರ ಹೊಟ್ಟೇಲಿ ನಿಲ್ಲುತ್ತೋ ನೋಡೋಣ."

ಅರವತ್ತು ದಾಟಿದ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಸೊಸೆ ನಕ್ಕಳು. ನಗುತ್ತ ನಗುತ್ತ ಅತ್ತಳು, ಅಳುತ್ತಲೇ ನುಂಗಿದಳು. ಬಾಗಿಲಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಗಂಡ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದು ಗೊಣಗಿದ. ಎಮ್ಮೆ ಯಾರು ಎಂದು ತಾಯಿ ತಿರುಗಿ ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದ.

ಅಲ್ಲಿಂದ ಅದು ಮನೆಯ ಕಟ್ಟಳೆಯಾಯಿತು. ಈ ಮನೆಯಲ್ಲಿ ಮಾತ್ರೆಯನ್ನು ಯಾರೂ ಒಬ್ಬರೇ ನುಂಗಬಾರದು. ದಿನವಿಡೀ ಲಿಫ್ಟಿನ ಕತ್ತಲ ಕೊಳವೆಯೊಳಗೆ ತೂಗಾಡುತ್ತ ಬಿಸಿಲು ಕಾಣದ ಗಂಡನಿಗೆ ವಾರಕ್ಕೊಮ್ಮೆ ನುಂಗುವ ವಿಟಮಿನ್ ಡಿ ಬರೆದುಕೊಟ್ಟಾಗ ಅವನನ್ನೂ ಮೇಜಿಗೆ ಎಳೆದು ಕೂರಿಸಿದರು. ಮೂವರ ಮಾತ್ರೆಯೂ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ. ಯಾರದು ಯಾರಿಗೆ ಎಂದು ಅನುಮಾನ ಬಂದರೆ, ವಿಟಮಿನ್ ತಾನೆ, ವಿಷ ಅಲ್ಲವಲ್ಲ ಎಂಬ ಒಂದು ಮಾತಿತ್ತು. ಔಷಧಿ ಅಂಗಡಿಯವನೂ ಅದನ್ನೇ ಹೇಳುತ್ತಿದ್ದ. ಅವನ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಹುಟ್ಟಿದ ಕೂಸಿಗೆ ಬಿಡುವ ಹನಿಯಿಂದ ಹಿಡಿದು, ಬೆಳೆಯುವ ಹುಡುಗಿಯರ ರಕ್ತಕ್ಕೆ, ಬಸುರಿಯರಿಗೆ, ಬಾಣಂತಿಯರಿಗೆ, ಮುಟ್ಟು ನಿಂತವರ ಮೂಳೆಗೆ, ಮುದುಕರ ನರಕ್ಕೆ ಎಂದು ಒಂದೊಂದು ವಯಸ್ಸಿಗೆ ಒಂದೊಂದು ಡಬ್ಬಿ ಸಾಲಾಗಿ ನಿಂತಿರುತ್ತಿದ್ದವು. ಆ ಸಾಲಿನಲ್ಲಿ ಅವಳ ಕಣ್ಣು ಹೋಗುತ್ತಿದ್ದದ್ದು ಒಂದೇ ಕಡೆಗೆ. ಅದರಾಚೆಯ ಡಬ್ಬಿಗಳು ಬೇರೆಯವರ ಬದುಕಿಗೆ ಸೇರಿದವು ಎಂಬಂತೆ ಚೀಟಿ ತೋರಿಸಿ, ತನ್ನದನ್ನು ಕಟ್ಟಿಸಿಕೊಂಡು ಬರುತ್ತಿದ್ದಳು.

ಮಗು ಬರಲಿಲ್ಲ. ಒಂದೆರಡು ಸಲ ತಿಂಗಳು ಮುಂದೆ ಹೋಗಿ ಆಸೆ ಹುಟ್ಟಿಸಿ ಹಿಂದೆ ಬಂತು. ಕೆಳಗಿನ ಮನೆಯ ಬಾಣಂತಿ ಮೆಟ್ಟಿಲ ಬಳಿ ಕೂತು ಕೂಸಿನ ನಾಲಗೆಗೆ ಹನಿ ಬಿಡುವುದನ್ನು ದಾಟಿಕೊಂಡು ಕೆಲಸಕ್ಕೆ ಹೋಗಬೇಕಿತ್ತು. ಆ ಕೂಸು ಬೆಳೆದು ಶಾಲೆಯ ಚೀಲ ಬೆನ್ನಿಗೇರಿಸಿ ಅದೇ ಮೆಟ್ಟಿಲಿಳಿಯುವ ಕಾಲ ಬಂತು. ನಲವತ್ತು ತುಂಬಿದ ಮೇಲೆ ಡಾಕ್ಟರು, ಇನ್ನು ಈ ಮಾತ್ರೆ ಬೇಡ, ಕ್ಯಾಲ್ಸಿಯಂ ತಗೊಳ್ಳಿ ಅಂದರು. ಅಷ್ಟೇ ಅಂದದ್ದು. ಅವಳಿಗೆ ಅರ್ಥವಾಯಿತು.

ಅವತ್ತು ಅತ್ತೆಯೂ ಹಾಗಾದರೆ ನನಗೂ ಬೇಡ ಅಂದಿದ್ದರು. ಸೊಸೆಯೇ ಬಿಡಲಿಲ್ಲ. "ನಿಮಗೆ ಒಗ್ಗಿದೆ ಅತ್ತೆ. ಮುಖದಲ್ಲಿ ಕಳೆ ಇದೆ ನೋಡಿ, ಬಿಡಬೇಡಿ" ಅಂದಳು. ಕಳೆ ಇದ್ದದ್ದು ಸುಳ್ಳಲ್ಲ. ಆದರೆ ಅವಳು ಹಾಗೆ ಹೇಳಿದ್ದು ಅದಕ್ಕಲ್ಲ. ಬೆಳಿಗ್ಗೆ ಎದ್ದರೆ ಮೇಜಿನ ಮೇಲೆ ಎರಡು ಲೋಟ ಇರಬೇಕು; ಅಷ್ಟು ವರ್ಷಗಳಿಂದ ಉಳಿದುಬಂದದ್ದು ಅದೊಂದೇ. ತನ್ನ ಚೀಟಿ ಮುಗಿದ ಮೇಲೂ ಆ ಮಾತ್ರೆಯನ್ನು ಅತ್ತೆಗೆಂದು ಅವಳೇ ತರುತ್ತ ಹೋದಳು. ಅಂಗಡಿಯವನು ಪರಿಚಯದವನು, ಯಾರಿಗೆ ಎಂದು ಕೇಳಲಿಲ್ಲ.

ಅತ್ತೆ ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟುವವರಲ್ಲ; ಎದೆಯುರಿ ಎಂದು ಹುಳಿತೇಗಿನ ಮಾತ್ರೆ ನುಂಗಲು ಶುರುಮಾಡಿ ಕಾಲವಾಗಿತ್ತು. ಕಾಲು ಜೋಮು ಹಿಡಿಯುತ್ತದೆ, ಪಾದಕ್ಕೆ ಹತ್ತಿ ಸುತ್ತಿದ ಹಾಗಿದೆ ಎನ್ನತೊಡಗಿದರು. ನಡೆಯುವಾಗ ಒಂದು ಚಪ್ಪಲಿ ಹಿಂದೆಯೇ ಉಳಿದುಬಿಡುತ್ತಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಚಪ್ಪಲಿಗೂ ನನ್ನ ಸಹವಾಸ ಸಾಕಾಗಿದೆ ಎಂದು ತಾವೇ ನಗೆಯಾಡಿದರು. ಹೇಳಿದ್ದನ್ನೇ ಮತ್ತೆ ಹೇಳಿದರು, ಒಲೆಯ ಮೇಲೆ ಇಟ್ಟದ್ದನ್ನು ಮರೆತರು. ಮನೆಯವರೆಲ್ಲ ವಯಸ್ಸು ಅಂದರು. ಗಂಡನ ಕಂಪನಿಯವರು ಮನೆಮಂದಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದಾಗ, ಈ ವಯಸ್ಸಿಗೆ ಇಷ್ಟು ಒಳ್ಳೆಯ ರಕ್ತ ಅಪರೂಪ ಎಂದಿದ್ದರು. ನೋಡಿದಿರಾ ನಮ್ಮ ಮಾತ್ರೆಯ ಗುಣ ಎಂದು ಸೊಸೆ ಬೀಗಿದ್ದಳು.

ಕಾಜಾ ಓರೆಯಾದದ್ದು, ಕಣ್ಣಿನ ಪರೀಕ್ಷೆ ಎರಡು ಸಲ ಆದದ್ದು ಇದಾದ ಮೇಲೆ. ಕೊನೆಗೆ ಒಂದು ಸಂಜೆ ದರ್ಜಿ ಮತ್ತೆ ಬಂದ. ಅವನಿಗೂ ಅತ್ತೆಗೂ ಸೂಜಿ ದಾರದ ಸಂಬಂಧ. ಬಂದರೆ ಕಾಲು ಗಂಟೆ ಒಬ್ಬರನ್ನೊಬ್ಬರು ಕಿಚಾಯಿಸದೆ ಕೆಲಸದ ಮಾತಿಗೆ ಬರುವವರಲ್ಲ. ಅವತ್ತು ಅವನು ಬಂದವನೇ ಕಾಗದ ಬಿಚ್ಚಿ, ಯಾರದೋ ಮದುವೆಗೆಂದು ಹೊಲಿದ ಕೆನೆಬಣ್ಣದ ಕೋಟನ್ನು ಮೇಜಿನ ಮೇಲೆ ಹರಡಿ, ಎದೆಯ ಭಾಗವನ್ನು ಒಳಮಗ್ಗುಲಾಗಿ ತಿರುವಿದ. ಅಸ್ತರಿನ ಮೇಲೆ ಕಂದು ಚುಕ್ಕೆಗಳು, ಕಾಜಾದ ಉದ್ದಕ್ಕೂ.

"ಅಕ್ಕ, ಚುಚ್ಚಿಕೊಂಡಿದ್ದು ಗೊತ್ತಾಗ್ಲಿಲ್ವಾ?"

ಅದು ನನ್ನ ರಕ್ತ ಅಲ್ಲ ಎಂದರು ಅತ್ತೆ. ಸೊಸೆ ಅವರ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ತೋರುಬೆರಳ ತುದಿ ತುಂಬ ಸೂಜಿ ಗುರುತು, ಹಳೆಯದು, ಹೊಸದು. ಅತ್ತೆ ಆ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಕಲೆ ತೆಗೆಯುವುದು ನನಗೆ ಬಿಡಿ ಎಂದು ದರ್ಜಿ ಕೋಟು ಮಡಚಿಕೊಂಡ. ಕಂಕುಳಲ್ಲಿ ತಂದಿದ್ದ ಹೊಸ ಕೋಟುಗಳ ಗಂಟನ್ನು ಬಿಚ್ಚದೆ ಹಾಗೇ ತೆಗೆದುಕೊಂಡು ಹೋದ.

ಆ ವಾರವೇ ಅತ್ತೆ ಬಚ್ಚಲಲ್ಲಿ ಬಿದ್ದರು. ನೀರಿನಲ್ಲಿ ಜಾರಿ ಬಿದ್ದದ್ದಲ್ಲ. ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದರಂತೆ, ನೆಲ ಎಲ್ಲಿದೆ ಎಂದೇ ತಿಳಿಯಲಿಲ್ಲವಂತೆ.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅತ್ತೆಯನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂದಳು. ಅವರು ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ತೂರಾಡಿದರು. ಕಂಪಿಸುವ ಲೋಹದ ಕವೆಯನ್ನು ಕಾಲಿನ ಗೆಣ್ಣಿಗೆ ಒತ್ತಿ, ನಡುಗುತ್ತಿರುವುದು ಗೊತ್ತಾಗುತ್ತಿದೆಯೇ ಎಂದು ಕೇಳಿದಳು. ಯಾರು ನಡುಗ್ತಿರೋದು, ನೀನಾ, ಎಂದರು ಅತ್ತೆ. ಡಾಕ್ಟರು ನಕ್ಕಳು. ನಗು ಮುಗಿಸಿ ಏನೇನು ಮಾತ್ರೆ ಕೊಡುತ್ತೀರಿ ಎಂದು ಸೊಸೆಯ ಕಡೆ ತಿರುಗಿದಳು. ಸೊಸೆ ಡಬ್ಬಿಯನ್ನೇ ತಂದಿದ್ದಳು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದು ತೋರಿಸುವವಳಂತೆ ಮುಚ್ಚಳ ತೆಗೆದಿಟ್ಟಳು.

"ಇದು ಯಾರದ್ದು?"

"ನನ್ನದು. ಅಂದ್ರೆ, ಮೊದಲು ನನ್ನದು. ಈಗ ಅತ್ತೇದು."

ಎಷ್ಟು ವರ್ಷದಿಂದ ಎಂದು ಕೇಳಿದ್ದಕ್ಕೆ ಸೊಸೆ ಹೇಳಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ರಕ್ತಕ್ಕೆ ಬೇರೆ ಪರೀಕ್ಷೆ ಬರೆದು, ಎರಡು ದಿನ ಬಿಟ್ಟು ಫಲಿತಾಂಶ ಬಂದಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ನಿಧಾನವಾಗಿ ಹೇಳಿದಳು. ಕೊರತೆ ಇರುವುದು ಬಿ ಹನ್ನೆರಡು ಎಂಬ ವಿಟಮಿನ್ನಿನದು. ವಯಸ್ಸಾದವರ ಹೊಟ್ಟೆ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹುಳಿತೇಗಿನ ಮಾತ್ರೆ ಅದನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಹಾಲು ಮೊಟ್ಟೆ ತಿನ್ನದವರಿಗೆ ಬರುವ ದಾರಿಯೇ ಇಲ್ಲ. ಸಾಮಾನ್ಯವಾಗಿ ಮೊದಲು ರಕ್ತ ಕೆಡುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಫೋಲಿಕ್ ಆಸಿಡ್ ಇಷ್ಟು ದೊಡ್ಡ ಪ್ರಮಾಣದಲ್ಲಿ ಹೋಗುತ್ತಿದ್ದರಿಂದ ರಕ್ತ ನೋಡಲು ಚೆನ್ನಾಗಿಯೇ ಉಳಿಯಿತು. ನರಕ್ಕೆ ಅದು ಏನೂ ಮಾಡದು. ಒಳಗೊಳಗೆ ನರ ಹಾಳಾಗುತ್ತ ಬಂತು, ಬೆನ್ನುಹುರಿಯವರೆಗೂ.

ಬೆನ್ನುಹುರಿ ಎಂಬ ಆ ಪದ ಕೇಳಿದ ಮೇಲೆ ಸೊಸೆಯ ಕಿವಿಗೆ ಸ್ವಲ್ಪ ಹೊತ್ತು ಏನೂ ಬೀಳಲಿಲ್ಲ.

"ಹೊಟ್ಟೆಯಲ್ಲಿರೋ ಮಗುವಿಗೆ ಬೇಕಾದ್ದು ಬೇರೆ, ಎಪ್ಪತ್ತು ದಾಟಿದವರಿಗೆ ಬೇಕಾದ್ದು ಬೇರೆ" ಎನ್ನುತ್ತಿದ್ದಳು ಡಾಕ್ಟರು. "ಹೆಸರು ಮಾತ್ರ ಎಲ್ಲಕ್ಕೂ ವಿಟಮಿನ್ನೇ."

ಗುಣವಾಗುತ್ತದೆಯೇ ಎಂದು ಗಂಡ ಕೇಳಿದ. ಇಂಜೆಕ್ಷನ್ ಶುರುಮಾಡೋಣ, ಇನ್ನು ಮುಂದಕ್ಕೆ ಹಾಳಾಗುವುದು ನಿಲ್ಲುತ್ತದೆ ಎಂದಳು. ಹೋದದ್ದರಲ್ಲಿ ಬರುವುದಿದ್ದರೆ ಆರು ತಿಂಗಳಲ್ಲಿ ಬರುತ್ತದೆ, ಹೆಚ್ಚೆಂದರೆ ಒಂದು ವರ್ಷ. ಅಲ್ಲಿಗೂ ಬರದೆ ಉಳಿದದ್ದು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಮರೆವಿನ ಬಗ್ಗೆ ಕೇಳಿದಾಗ, ಇದರಿಂದ ಎಷ್ಟು, ವಯಸ್ಸಿನಿಂದ ಎಷ್ಟು ಎಂದು ಬೇರೆಮಾಡಿ ಹೇಳಲು ಯಾರಿಂದಲೂ ಆಗದು ಎಂದು ಒಪ್ಪಿಕೊಂಡಳು.

ಆ ಒಂದು ವರ್ಷ ಸೊಸೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೊದಲು ದಿನ ಬಿಟ್ಟು ದಿನ ಸೂಜಿ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅಂಗಡಿಯಲ್ಲಿ ಬೆಳಗಿನ ಪಾಳಿ ಬಿಟ್ಟುಕೊಟ್ಟು ತಾನೇ ಕರೆದೊಯ್ದಳು. ಅಷ್ಟು ವರ್ಷ ನಾನು ಬಟ್ಟೆಗೆ ಚುಚ್ಚಿದ್ದಕ್ಕೆ ಈಗ ಎಲ್ಲ ಸೇರಿ ನನಗೆ ಚುಚ್ಚುತ್ತಿದ್ದಾರೆ ಎಂದು ಅತ್ತೆ ನರ್ಸಿಗೆ ದೂರು ಹೇಳಿದರು. ಎರಡನೇ ತಿಂಗಳಲ್ಲಿ ಜೋಮು ತಗ್ಗಿತು. ನಾಲ್ಕನೇ ತಿಂಗಳು ಹಿಡಿಯುವ ಹೊತ್ತಿಗೆ ಗೋಡೆ ಹಿಡಿಯದೆ ಅಡುಗೆಮನೆಗೆ ನಡೆದುಬಂದು, ಉಪ್ಪು ಎಲ್ಲಿಟ್ಟೆ ಎಂದು ಗದರಿದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗದರಿಕೆ ಕೇಳಿ ಅಷ್ಟು ಸಂತೋಷಪಟ್ಟ ಸೊಸೆ ಬೇರೆ ಇರಲಾರಳು.

ಕಾಲು ಬಂತು, ಕೈಯೂ ಬರುತ್ತದೆ ಎಂದುಕೊಂಡಳು. ಕೆಲಸದಿಂದ ಬಂದವಳೇ ದಪ್ಪ ಬಟ್ಟೆಯ ತುಂಡು, ದಪ್ಪ ಸೂಜಿ, ಗಾಢ ಬಣ್ಣದ ದಾರ ಹಿಡಿದು ಅತ್ತೆಯ ಎದುರು ಕೂರುತ್ತಿದ್ದಳು. ನೀವು ಹೇಳಿಕೊಡಿ, ನಾನು ಹೊಲಿಯುತ್ತೇನೆ, ಆಮೇಲೆ ನೀವು ಹೊಲಿಯಿರಿ ಎಂದು ಕರಾರು. ಸೊಸೆಯ ಹೊಲಿಗೆ ನೋಡಿ ಅತ್ತೆ, ಇದು ಕಾಜಾ ಅಲ್ಲ ಕಣೇ, ಇಲಿ ಕಡಿದಿರೋದು ಎನ್ನುತ್ತಿದ್ದರು. ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರುತ್ತಿತ್ತು. ತಮ್ಮ ಸರದಿ ಬಂದಾಗ ಮಾತ್ರ ಸೂಜಿ ಬೆರಳ ಸಂದಿಯಿಂದ ಜಾರಿ ಮಡಿಲಿಗೆ ಬೀಳುತ್ತಿತ್ತು. ಬಿದ್ದದ್ದು ತಿಳಿಯದೆ ಬರಿಗೈಯಲ್ಲೇ ನಾಲ್ಕು ಹೊಲಿಗೆ ಹಾಕಿ ದಾರ ಎಳೆದುಬಿಡುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಒಂದು ದಿನ ದರ್ಜಿ ತಾನಾಗಿಯೇ ಬಂದ. ಕತ್ತರಿಸಿ ಉಳಿದ ಒಳ್ಳೆಯ ಉಣ್ಣೆ ಬಟ್ಟೆಯ ತುಂಡಿನಲ್ಲಿ ಸೀಳು ಮಾಡಿಕೊಂಡು ತಂದಿದ್ದ. ಕೋಟಲ್ಲ, ಸುಮ್ಮನೆ ನೋಡಿ ಅಕ್ಕ ಎಂದು ಅವರ ಮಡಿಲಿಗಿಟ್ಟ. ಅತ್ತೆ ಬಟ್ಟೆಯನ್ನು ಹೆಬ್ಬೆರಳಿಂದ ಉಜ್ಜಿದರು. ಮತ್ತೆ ಉಜ್ಜಿದರು. ಒಳಗು ಯಾವುದು, ಹೊರಗು ಯಾವುದು ಎಂದು ಬೆರಳು ಹೇಳಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹಿಂದಕ್ಕೆ ಕೊಟ್ಟು, "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಪ್ಪ" ಎಂದರು. ಅವನು ತಲೆ ತಗ್ಗಿಸಿ ಆಯಿತು ಅಂದ. ಮೆಟ್ಟಿಲಲ್ಲಿ ಸೊಸೆಗೆ ಹೇಳಿದ, ಬೇರೆಯವರನ್ನು ನೋಡಿಕೊಂಡು ಆಗಲೇ ಬಹಳ ದಿನವಾಯಿತು, ಅವರ ಬಾಯಿಂದ ಬರಲಿ ಎಂದು ಕಾದಿದ್ದೆ ಎಂದು.

ಅತ್ತೆಗೆ ಕೊರತೆಯ ವಿಷಯ ಗೊತ್ತಿತ್ತು, ಅದು ತಿಳಿಯದೆ ಹೋದದ್ದು ಏಕೆ ಎಂಬುದು ಗೊತ್ತಿರಲಿಲ್ಲ. ಹೇಳಬೇಡ ಎಂದಿದ್ದ ಗಂಡ. ಹೇಳಿದರೆ ಬೆರಳು ಬರುತ್ತದೆಯೇ ಎಂಬುದು ಅವನ ವಾದ. ಅವಳಿಗೂ ಅದು ಸರಿಯೆಂದೇ ಕಂಡಿತ್ತು, ಆ ವರ್ಷ ಮುಗಿಯುವವರೆಗೆ. ಬೆರಳು ಬರುವುದಿಲ್ಲ ಎಂದು ಖಚಿತವಾದ ಮೇಲೆ ಬಾಯಿ ಕಟ್ಟಿಕೊಂಡು ಇರಲು ಆಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಗಂಡ ಹೊರಗೆ ಹೋಗಿದ್ದಾಗ, ಅತ್ತೆಯ ಕುರ್ಚಿಯ ಎದುರು ಕೂತು ಎಲ್ಲ ಹೇಳಿದಳು. ತನ್ನ ಮಾತ್ರೆ ಏನು ಮಾಡಿತು ಎಂದು ಹೇಳಿದಳು. ನೀವು ನಿಲ್ಲಿಸುತ್ತೇನೆ ಅಂದಾಗ ನಾನೇ ಬಿಡಲಿಲ್ಲ, ಕಳೆ ಇದೆ ಅಂದದ್ದು ನೆಪ, ನನಗೆ ನಿಮ್ಮ ಜೊತೆ ಬೇಕಿತ್ತು ಎಂದೂ ಹೇಳಿದಳು.

ಅತ್ತೆ ಕಿಟಕಿಯಾಚೆ ನೋಡಿದರು. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು.

"ಮೊದಲು ಬಾಯಿಗೆ ಹಾಕ್ಕೊಂಡವಳು ನಾನು. ನೀನೇನು ಹಿಡಿದು ತುರುಕಿದ್ಯಾ? ಹೋಗ್ಲಿ ಬಿಡು. ನನ್ನ ಹೊಟ್ಟೇಲೂ ನಿಲ್ಲಲಿಲ್ಲ, ನಿನ್ನ ಹೊಟ್ಟೇಲೂ ನಿಲ್ಲಲಿಲ್ಲ."

ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಆ ಕೈಗೆ ಅವಳ ಕೂದಲು ತಾಗಿದ್ದು ತಿಳಿಯಿತೋ ಇಲ್ಲವೋ. ಆ ರಾತ್ರಿ ಅವಳು ಮೈಮರೆತು ಮಲಗಿದಳು.

ಮಾರನೇ ಬೆಳಿಗ್ಗೆ ಲೋಟ ಎತ್ತಿಕೊಳ್ಳಲು ಎರಡೂ ಕೈ ಚಾಚಿದ ಅತ್ತೆ, ಬೆರಳುಗಳನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡು ಕೇಳಿದರು: "ಇದ್ಯಾಕೇ ನನ್ನ ಬೆರಳು ಹೀಗಾಯ್ತು? ಡಾಕ್ಟರು ಏನಾದ್ರೂ ಹೇಳಿದ್ರಾ?"

ನಿನ್ನೆಯದು ಏನೂ ಉಳಿದಿರಲಿಲ್ಲ. ಕ್ಷಮೆ ಸಿಕ್ಕವಳ ಹತ್ತಿರ ಇತ್ತು, ಕೊಟ್ಟವರ ಹತ್ತಿರ ಇರಲಿಲ್ಲ.

ಸೊಸೆ ಮತ್ತೆ ಹೇಳಿದಳು. ಈ ಸಲ ಅತ್ತೆ ಕಿಟಕಿಯ ಕಡೆ ನೋಡಲಿಲ್ಲ, ಅವಳ ಕಡೆಗೇ ನೋಡಿದರು. ಕಡೆಗೆ, "ನನಗೆ ಅನ್ನ ಕೊಟ್ಟ ಬೆರಳು ಕಣೇ ಅವು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಅವಳು ಕೆಲಸದಿಂದ ಬರುವಷ್ಟರಲ್ಲಿ ಎಲ್ಲ ಅಳಿಸಿಹೋಗಿ, ತಡ ಯಾಕಾಯಿತು, ದಾರಿಯಲ್ಲಿ ಯಾರ ಜೊತೆ ಹರಟೆ ಎಂದು ಎಂದಿನ ಹಾಗೆ ವಿಚಾರಿಸಿದರು.

ಅಲ್ಲಿಂದೀಚೆಗೆ ಆ ಪ್ರಶ್ನೆ ಆಗಾಗ ಬರುತ್ತದೆ. ಕೆಲವು ವಾರ ಬರುವುದೇ ಇಲ್ಲ, ಕೆಲವು ದಿನ ಬೆಳಿಗ್ಗೆಯೂ ಬರುತ್ತದೆ, ಸಂಜೆಯೂ ಬರುತ್ತದೆ. ವಯಸ್ಸಾಯಿತು ಅಮ್ಮ ಎಂದುಬಿಟ್ಟರೆ ಮುಗಿಯಿತಲ್ಲ, ಏನು ಹೇಳಿದರೂ ಸಂಜೆಗೆ ಇರುವುದಿಲ್ಲ ಎಂದು ಗಂಡ ಹೇಳುತ್ತಾನೆ. ಅವನನ್ನು ಕೇಳಿದಾಗ ಅವನು ಹಾಗೇ ಹೇಳುತ್ತಾನೆ. ಸೊಸೆಯೂ ಒಮ್ಮೆ ಹಾಗೆ ಹೇಳಿ ನೋಡಿದಳು. ಅತ್ತೆ ಹೌದಾ ಅಂದರು. ಆ ದಿನ ಅಂಗಡಿಯಲ್ಲಿ ಅವಳ ಕೈಯಲ್ಲಿ ಎರಡು ಗಾಜು ಒಡೆದವು. ಮತ್ತೆ ಹಾಗೆ ಹೇಳಲಿಲ್ಲ. ನಿಜ ಹೇಳಿದಾಗ ಒಂದು ದಿನ ಅತ್ತೆ ಬೈಯುತ್ತಾರೆ, ಒಂದು ದಿನ ಹೋಗಲಿ ಬಿಡು ಎನ್ನುತ್ತಾರೆ, ಒಂದು ದಿನ ಅವಳನ್ನೇ ಸಮಾಧಾನ ಮಾಡಲು ನೀರು ತರಲು ಏಳುತ್ತಾರೆ. ಇದರಲ್ಲಿ ಅತ್ತೆಯ ಮನಸ್ಸಿನ ಮಾತು ಯಾವುದು ಎಂದು ಅವಳಿಗೆ ತಿಳಿಯುವ ದಾರಿಯಿಲ್ಲ. ಎಲ್ಲವೂ ಅವರವೇ.

ಮೊನ್ನೆ ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಿಂದ ಅತ್ತೆ ಕರೆದು ಬೆರಳು ತೋರಿಸಿದರು. ಬಸ್ಸಿನ ಹೊತ್ತಾಗಿತ್ತು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಎದುರಿನ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು, ಆ ಎರಡು ಕೈಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಅತ್ತೆ, ನನಗೊಂದು ಮಗು ಆಗಬೇಕಿತ್ತು" ಎಂದು ಶುರುಮಾಡಿದಳು. ಅತ್ತೆ ಮೊದಲ ಸಲ ಕೇಳುವವರ ಹಾಗೆ ಮುಂದಕ್ಕೆ ಬಾಗಿದರು.